ಆಟದೊಳಗೆ ನಾಯಕಿ, ಡಬ್ಬಿ ಮೇಲೆ ನಾಯಕ: ಗೇಮ್ ಮಾರ್ಕೆಟಿಂಗ್ ಹೆಣ್ಣು ಪಾತ್ರಗಳನ್ನು ಏನು ಮಾಡುತ್ತದೆ?

ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ ಅನ್ನೋ ವಿಡಿಯೋ ಗೇಮ್ ಬಂದಿದ್ದು 2018ರಲ್ಲಿ. ಹಾಸನದಲ್ಲಿ ಪಿಎಸ್4 ಎಂಬ ಗೇಮ್ ಕನ್ಸೋಲ್ ಇಟ್ಟುಕೊಂಡಿರುವ ಹುಡುಗರ ನಡುವೆ ಅದರ ಡಿಸ್ಕ್ ಈಗಲೂ ಕೈಯಿಂದ ಕೈಗೆ ಓಡಾಡುತ್ತದೆ. ಡಬ್ಬಿ ನೋಡಿದರೆ ಮುಂದೆ ಕಾಣೋದು ಅಲೆಕ್ಸಿಯೋಸ್ ಎಂಬ ಗ್ರೀಕ್ ಯೋಧ. ಆಟ ಶುರು ಮಾಡಿದ ಮೇಲೆ ಗೊತ್ತಾಗುತ್ತದೆ, ಕಸ್ಸಾಂಡ್ರಾ ಅಂತ ಇನ್ನೊಬ್ಬಳಿದ್ದಾಳೆ, ಇಡೀ ಕತೆಯನ್ನು ಅವಳಾಗಿಯೇ ಆಡಬಹುದು ಅಂತ. ಇಲ್ಲೇ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಅಣ್ಣ, ಅವಳಾಗಿ ಆಡೋಕೆ ಬಿಡ್ತಾರೆ, ಡಬ್ಬಿ ಮೇಲೆ ಮಾತ್ರ ಹಾಕಲ್ಲ. ಯಾಕೆ?"

ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು ಒಂದು ವಿಷಯ ತಿಳಿದಿರಲಿ. ಗೇಮ್ ಮಾಡೋರು ಬೇರೆ, ಮಾರೋರು ಬೇರೆ. ಸ್ಟುಡಿಯೋದಲ್ಲಿ ಕತೆ ಬರೆಯೋರು, ಚಿತ್ರ ಬಿಡಿಸೋರು, ಕೋಡ್ ಬರೆಯೋರು ಇರುತ್ತಾರೆ. ಅದಕ್ಕೆ ದುಡ್ಡು ಹಾಕೋದು ಪಬ್ಲಿಷರ್. ಡಬ್ಬಿ ಮೇಲಿನ ಚಿತ್ರ, ಟ್ರೇಲರ್, ಟಿವಿ ಜಾಹೀರಾತು, ದೊಡ್ಡ ಊರುಗಳಲ್ಲಿ ಹಾಕುವ ಹೋರ್ಡಿಂಗ್, ಇವೆಲ್ಲ ಹೆಚ್ಚಾಗಿ ಪಬ್ಲಿಷರ್ ಕಡೆಯ ಮಾರ್ಕೆಟಿಂಗ್ ವಿಭಾಗದ ಕೈಯಲ್ಲಿ ಇರುತ್ತವೆ. ಆಟ ಅರ್ಧ ಆಗುವ ಮೊದಲೇ ಅವರು ಕೂತು ಲೆಕ್ಕ ಹಾಕುತ್ತಾರೆ: ಇದನ್ನು ಯಾರು ಕೊಳ್ಳುತ್ತಾರೆ, ಎಷ್ಟು ಖರ್ಚು ಮಾಡೋಣ, ಮುಂದೆ ಯಾರ ಮುಖ ಇಡೋಣ.

ಒಡಿಸ್ಸಿ ವಿಷಯದಲ್ಲಿ ಏನಾಯ್ತು ಅಂತ 2020ರ ಜುಲೈನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ವರದಿ ಮಾಡಿತು. ಆಟ ಮಾಡಿದ ತಂಡಕ್ಕೆ ಮೊದಲು ಕಸ್ಸಾಂಡ್ರಾ ಒಬ್ಬಳನ್ನೇ ನಾಯಕಿ ಮಾಡುವ ಆಸೆ ಇತ್ತಂತೆ. ಹೆಂಗಸರನ್ನು ಮುಂದಿಟ್ಟರೆ ಮಾರಾಟ ಆಗಲ್ಲ ಅಂತ ಅದರ ಪಬ್ಲಿಷರ್ ಯೂಬಿಸಾಫ್ಟ್‌ನ ಮಾರ್ಕೆಟಿಂಗ್ ವಿಭಾಗ ಮತ್ತು ಸೃಜನಶೀಲ ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲವಂತೆ. ಹಾಗಾಗಿ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ ಅನ್ನೋ ವ್ಯವಸ್ಥೆ ಬಂತು, ಡಬ್ಬಿ ಮೇಲೆ ಅಲೆಕ್ಸಿಯೋಸ್ ಬಂದ. ಕಂಪನಿಯ ಅಧಿಕೃತ ಕತೆಯಲ್ಲಿ ಮಾತ್ರ ನಿಜವಾದ ನಾಯಕಿ ಈಗಲೂ ಕಸ್ಸಾಂಡ್ರಾನೇ.

"ಹೆಂಗಸರು ಇದ್ದರೆ ಮಾರಾಟ ಆಗಲ್ಲ." ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಯಾಕಂದ್ರೆ ಈ ಮಾತಿಗೆ ಲೆಕ್ಕಾಚಾರದ ವೇಷ ಇದೆ, ಅದಕ್ಕೇ ಎಲ್ಲರೂ ನಂಬಿಬಿಡುತ್ತಾರೆ.

ಲೆಕ್ಕವನ್ನೇ ನೋಡೋಣ. 2012ರಲ್ಲಿ ಈಡಾರ್ ಎಂಬ ಗೇಮ್ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಒಂದಿಷ್ಟು ಅಂಕಿಗಳನ್ನು ಹೊರಗಿಟ್ಟಿತು. ಮುಖ್ಯ ಪಾತ್ರ ಗಂಡೋ ಹೆಣ್ಣೋ ಅಂತ ಸ್ಪಷ್ಟವಾಗಿ ಹೇಳಬಹುದಾದ 669 ಗೇಮ್‌ಗಳನ್ನು ಅವರು ನೋಡಿದ್ದರು. ಅದರಲ್ಲಿ ಬರೀ ಹೆಣ್ಣು ಪಾತ್ರವನ್ನೇ ಆಡಬೇಕಾದ ಗೇಮ್‌ಗಳು ಎಷ್ಟಿದ್ದವು ಗೊತ್ತಾ? 24. ಅವು ಗಂಡು ನಾಯಕರ ಗೇಮ್‌ಗಳಷ್ಟು ಮಾರಾಟ ಆಗಿರಲಿಲ್ಲ, ಅದೂ ನಿಜ. ಇಲ್ಲಿಗೆ ನಿಲ್ಲಿಸಿದರೆ ಮಾರ್ಕೆಟಿಂಗ್‌ನವರು ಹೇಳಿದ್ದೇ ಸರಿ ಅನ್ನಿಸುತ್ತದೆ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿ ಇತ್ತು. ಹೆಣ್ಣು ನಾಯಕಿಯ ಗೇಮ್‌ಗಳಿಗೆ ಸಿಕ್ಕಿದ್ದ ಮಾರ್ಕೆಟಿಂಗ್ ಬಜೆಟ್, ಗಂಡು ನಾಯಕನ ಗೇಮ್‌ಗಳಿಗೆ ಸಿಕ್ಕಿದ್ದರ ಶೇ 40ರಷ್ಟು ಮಾತ್ರ. ಅಂದರೆ ಅವನ ಗೇಮಿಗೆ ನೂರು ರೂಪಾಯಿ ಜಾಹೀರಾತು ಹಾಕಿದರೆ ಇವಳದಕ್ಕೆ ನಲವತ್ತು. ಆಮೇಲೆ ಎರಡರ ಮಾರಾಟವನ್ನು ಪಕ್ಕಪಕ್ಕ ಇಟ್ಟು, ನೋಡಿ, ಇವಳದು ಓಡಲಿಲ್ಲ ಅನ್ನೋದು. ಓಡದಿದ್ದದ್ದನ್ನು ತೋರಿಸಿ ಮುಂದಿನ ಗೇಮಿಗೆ ಇನ್ನೂ ಕಡಿಮೆ ದುಡ್ಡು. ಅಥವಾ ಆ ಗೇಮೇ ಬೇಡ. ಹೀಗೆ ಸುತ್ತಿಕೊಂಡು ಸುತ್ತಿಕೊಂಡು ಹೋಗಿ, ಇವರೇ ಮಾಡಿದ ತೀರ್ಮಾನ ಇವರಿಗೇ ಸಾಕ್ಷಿಯಾಗಿ ವಾಪಸ್ ಬರುತ್ತದೆ. ಜೊತೆಗೆ ಇಪ್ಪತ್ತನಾಲ್ಕು ಗೇಮ್ ತುಂಬಾ ಚಿಕ್ಕ ಗುಂಪು. ಅದರಲ್ಲಿ ಒಂದೆರಡು ಸುಮಾರಾದ ಗೇಮ್ ಇದ್ದರೂ ಸರಾಸರಿ ಕೆಳಗೆ ಬೀಳುತ್ತದೆ. ಗಂಡು ನಾಯಕನ ಗೇಮ್‌ಗಳು ಪ್ರತಿ ವರ್ಷ ಡಜನ್‌ಗಟ್ಟಲೆ ಮಕಾಡೆ ಮಲಗುತ್ತವೆ. ಆಗ ಯಾರೂ ಗಂಡಸರು ಇದ್ದರೆ ಮಾರಾಟ ಆಗಲ್ಲ ಅನ್ನಲ್ಲ, ಕತೆ ಚೆನ್ನಾಗಿರಲಿಲ್ಲ ಅಂತಾರೆ, ಬಿಡುಗಡೆ ಮಾಡಿದ ಟೈಮ್ ಸರಿ ಇರಲಿಲ್ಲ ಅಂತಾರೆ.

ಈ ಸುತ್ತಿನ ಒಳಗೆ ಸಿಕ್ಕಿಕೊಂಡವರು ಹೇಳಿದ ಮಾತುಗಳು ದಾಖಲಾಗಿವೆ. ಪ್ಯಾರಿಸ್‌ನ ಡೋಂಟ್‌ನಾಡ್ ಸ್ಟುಡಿಯೋ 2013ರಲ್ಲಿ ರಿಮೆಂಬರ್ ಮಿ ಅಂತ ಗೇಮ್ ತಂತು. ನಾಯಕಿ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಹಲವು ಪಬ್ಲಿಷರ್‌ಗಳು ಬೇಡ ಅಂದಿದ್ದರು ಅಂತ ಅದರ ನಿರ್ದೇಶಕರು ಹೇಳಿದ್ದರು. ಕೊನೆಗೆ ಕ್ಯಾಪ್‌ಕಾಮ್ ಕೈಹಿಡಿಯಿತು. ಅದೇ ಸ್ಟುಡಿಯೋ ಆಮೇಲೆ ಲೈಫ್ ಈಸ್ ಸ್ಟ್ರೇಂಜ್ ಮಾಡುವಾಗಲೂ ಇದೇ ಕತೆ. ನಾಯಕಿಯನ್ನು ಹುಡುಗ ಮಾಡಿ ಅಂತ ಕೇಳದೆ ಇದ್ದ ಪಬ್ಲಿಷರ್ ಸ್ಕ್ವೇರ್ ಎನಿಕ್ಸ್ ಒಂದೇ ಅಂತ ಅವರು ಬಾಯಿಬಿಟ್ಟು ಹೇಳಿದರು. 2015ರಲ್ಲಿ ಬಂದ ಆ ಗೇಮಿನಿಂದ ಒಂದು ಸರಣಿಯೇ ಬೆಳೆಯಿತು.

ಈಗ ಡಬ್ಬಿ ಮೇಲಿನ ಚಿತ್ರಕ್ಕೆ ಬರೋಣ. 2013ರ ಎರಡು ಗೇಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಇಡೀ ಜಗಳ ಕಣ್ಣಿಗೆ ಕಾಣುತ್ತದೆ.

ಒಂದು, ಬಯೋಶಾಕ್ ಇನ್‌ಫಿನಿಟ್. ಆ ಆಟದ ಜೀವ ಎಲಿಜಬೆತ್ ಎಂಬ ಹುಡುಗಿ. ಕತೆ ನಡೆಯೋದೇ ಅವಳಿಂದ. ಆಟದ ಉದ್ದಕ್ಕೂ ಹೆಚ್ಚಿನ ಹೊತ್ತು ಅವಳು ನಮ್ಮ ಜೊತೆಗೇ ಇರುತ್ತಾಳೆ. ಡಬ್ಬಿ ಮುಂದೆ ನೋಡಿದರೆ ನಾವು ಆಡುವ ನಾಯಕ ಬೂಕರ್ ಒಬ್ಬನೇ ಬಂದೂಕು ಹಿಡಿದು ನಿಂತಿದ್ದಾನೆ. ಅವಳಿಲ್ಲ. ಅಭಿಮಾನಿಗಳು ಬೇಸರ ಮಾಡಿಕೊಂಡಾಗ ಆಟದ ಮುಖ್ಯಸ್ಥ ಕೆನ್ ಲೆವಿನ್ ಕಾರಣ ಹೇಳಿದರು. ಬಯೋಶಾಕ್ ಹೆಸರೇ ಕೇಳಿರದ ಜನರನ್ನು ಹುಡುಕಿಕೊಂಡು ಹೋಗಿದ್ದರಂತೆ, ಕಾಲೇಜು ಹುಡುಗರ ಹಾಸ್ಟೆಲ್ ಥರದ ಮನೆಗಳಿಗೂ ಹೋಗಿ ಮಾತಾಡಿದ್ದರಂತೆ. ಅಂಗಡಿಯಲ್ಲಿ ಸುಮ್ನೆ ಕಣ್ಣಾಡಿಸುವವನ ಕೈ ಡಬ್ಬಿ ಕಡೆಗೆ ಹೋಗಬೇಕು ಅನ್ನೋದು ಅವರ ಲೆಕ್ಕ. ಅವರು ಪ್ರಾಮಾಣಿಕವಾಗಿಯೇ ಹೇಳಿದರು ಅನ್ನಿಸುತ್ತದೆ ನನಗೆ. ಆದರೆ ಕೇಳಿದ್ದು ಹುಡುಗರನ್ನು, ಸಿಕ್ಕಿದ್ದು ಹುಡುಗರ ಉತ್ತರ. ಬೇರೆ ಏನು ಸಿಕ್ಕೀತು?

ಇನ್ನೊಂದು, ದಿ ಲಾಸ್ಟ್ ಆಫ್ ಅಸ್. ಇಲ್ಲೂ ಎಲ್ಲಿ ಎಂಬ ಹುಡುಗಿಯನ್ನು ಡಬ್ಬಿಯ ಹಿಂಬದಿಗೆ ಹಾಕಿ ಅನ್ನುವ ಸಲಹೆ ಬಂದಿತ್ತು. ನಾಟಿ ಡಾಗ್ ಸ್ಟುಡಿಯೋದವರು ಖಡಾಖಂಡಿತವಾಗಿ ಆಗಲ್ಲ ಅಂದರು. ಡಬ್ಬಿ ನೋಡಿ: ಮುಂದೆ ಬಂದೂಕು ಹಿಡಿದ ಎಲ್ಲಿ, ಅವಳ ಹಿಂದೆ ಗಂಡು ನಾಯಕ ಜೋಯಲ್. ಅವರು ಇನ್ನೊಂದು ಕೆಲಸ ಮಾಡಿದರು, ನನ್ನ ಪ್ರಕಾರ ಅದು ಇನ್ನೂ ದೊಡ್ಡದು. ಬಿಡುಗಡೆಗೆ ಮೊದಲು ಆಟಗಾರರ ಅಭಿಪ್ರಾಯ ಕೇಳುವ ಗುಂಪಿನಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿ ಅಂತ ಹಟ ಹಿಡಿದು ಕೇಳಿ ಸೇರಿಸಿದರು. ಕೇಳದೆ ಇದ್ದಿದ್ದರೆ ಆ ಗುಂಪನ್ನು ಕೂಡಿಸುವ ಸಂಶೋಧನಾ ಕಂಪನಿ ಅವರನ್ನು ಕರೆಯುತ್ತಲೇ ಇರಲಿಲ್ಲ. ಆ ಗೇಮ್ ಎಷ್ಟು ಹೆಸರು ಮಾಡಿತು ಅಂತ ನಾನು ಹೇಳಬೇಕಾಗಿಲ್ಲ, ಟಿವಿ ಸರಣಿಯೇ ಬಂತು.

ಇದನ್ನು ನಮ್ಮೂರ ಕಡೆಯವರಿಗೆ ಅರ್ಥ ಮಾಡಿಸೋಕೆ ನಾನು ಬೇಲೂರಿಗೆ ಕರೆದುಕೊಂಡು ಹೋಗುತ್ತೇನೆ. ಚೆನ್ನಕೇಶವ ದೇವಸ್ಥಾನದ ಸೂರಿನ ಕೆಳಗೆ ನಿಂತು ತಲೆ ಎತ್ತಿ ನೋಡಿ. ಶಿಲಾಬಾಲಿಕೆಯರ ಸಾಲಿನಲ್ಲಿ ಗಿಣಿ ಜೊತೆ ಮಾತಾಡುವವಳು ಇದ್ದಾಳೆ, ಕುಣಿಯುವವಳಿದ್ದಾಳೆ, ವಾದ್ಯ ನುಡಿಸುವವಳಿದ್ದಾಳೆ, ಕೊರವಂಜಿ ಇದ್ದಾಳೆ. ಬಿಲ್ಲು ಎತ್ತಿ ಬೇಟೆಗೆ ಗುರಿ ಇಟ್ಟವಳೂ ಇದ್ದಾಳೆ, ಅವಳ ನಿಲುವು ನೋಡಿದರೆ ಆಟದ ನಾಯಕಿ ಆಗೋಕೆ ಬೇರೇನೂ ಬೇಡ. ಆದರೆ ಪೋಸ್ಟರ್, ಕ್ಯಾಲೆಂಡರ್, ಫ್ರೇಮ್ ಹಾಕಿದ ಫೋಟೋ, ಎಲ್ಲದರ ಮೇಲೂ ಹೆಚ್ಚಾಗಿ ಬರೋದು ಕನ್ನಡಿ ನೋಡಿಕೊಳ್ಳುವ ದರ್ಪಣ ಸುಂದರಿ ಒಬ್ಬಳೇ. ದೇವಸ್ಥಾನಕ್ಕೆ ಬರದವರಿಗೆ ಬೇಲೂರು ಅಂದರೆ ಅವಳೇ. ದರ್ಪಣ ಸುಂದರಿಯ ಕೆತ್ತನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಬಿಲ್ಲುಗಾರ್ತಿಯನ್ನು ಕೆತ್ತಿದವನ ಕೆಲಸವೂ ಅಷ್ಟೇ ದೊಡ್ಡದು. ಯಾರು ಹೊರಗೆ ಹೋಗಿ ಊರಿನ ಮುಖ ಆಗಬೇಕು ಅಂತ ನಿರ್ಧಾರ ಮಾಡಿದ್ದು ಕೆತ್ತಿದವರಲ್ಲ, ಆಮೇಲೆ ಬಂದ ಚಿತ್ರ ಮಾರುವವರು.

ಮಾಸ್ ಎಫೆಕ್ಟ್ ಸರಣಿಯಲ್ಲಿ ಇದು ಅಂಕಿಯಲ್ಲೇ ಕಾಣುತ್ತದೆ. ಕಮಾಂಡರ್ ಶೆಪರ್ಡ್ ಪಾತ್ರವನ್ನು ಗಂಡಾಗಿಯೂ ಆಡಬಹುದು, ಹೆಣ್ಣಾಗಿಯೂ ಆಡಬಹುದು. ಹೆಣ್ಣು ಶೆಪರ್ಡ್‌ಗೆ ದನಿ ಕೊಟ್ಟ ಜೆನಿಫರ್ ಹೇಲ್ ಅವರ ಕೆಲಸವನ್ನು ಆಡಿದವರು ಇವತ್ತಿಗೂ ಹೊಗಳುತ್ತಾರೆ. ಆದರೆ 2007ರಿಂದ ಡಬ್ಬಿ ಮೇಲೆ, ಟ್ರೇಲರ್‌ನಲ್ಲಿ, ಜಾಹೀರಾತಿನಲ್ಲಿ ಬಂದಿದ್ದು ಗಂಡು ಶೆಪರ್ಡ್. ಒಬ್ಬ ಡಚ್ ಮಾಡೆಲ್ ಮುಖ ನೋಡಿ ಅವನನ್ನು ರೂಪಿಸಿದ್ದರು. ಆಟ ಶುರು ಮಾಡಿದಾಗ ತಾನಾಗಿ ಎದುರಿಗೆ ಬರುವ ಮುಖವೂ ಅವನದೇ. 2011ರಲ್ಲಿ ಬಯೋವೇರ್ ಕಂಪನಿ ಹೇಳಿದ್ದು, ಆಡುವವರಲ್ಲಿ ಶೇ 18ರಷ್ಟು ಜನ ಹೆಣ್ಣು ಶೆಪರ್ಡ್ ಆರಿಸಿಕೊಳ್ಳುತ್ತಾರೆ ಅಂತ. ಇದನ್ನು ಕೆಲವರು ನೋಡಿ, ಯಾರಿಗೂ ಬೇಡ ಅಂದರು. ನಾನು ಇದನ್ನು ತಿರುಗಿಸಿ ಓದುತ್ತೇನೆ. ಒಂದೇ ಒಂದು ಜಾಹೀರಾತಿನಲ್ಲೂ ಕಾಣದ ಪಾತ್ರವನ್ನು ಶೇ 18 ಜನ ಹುಡುಕಿಕೊಂಡು ಹೋಗಿ ಆರಿಸಿದರು, ಅಲ್ವಾ? ಅಭಿಮಾನಿಗಳ ಒತ್ತಾಯಕ್ಕೆ 2012ರ ಮಾಸ್ ಎಫೆಕ್ಟ್ 3 ಹೊತ್ತಿಗೆ ಅವಳಿಗೂ ಒಂದು ಟ್ರೇಲರ್ ಬಂತು, ಡಬ್ಬಿಯ ಕಾಗದ ತಿರುಗಿಸಿ ಹಾಕಿದರೆ ಅವಳ ಚಿತ್ರ ಬರುವ ಹಾಗೂ ಮಾಡಿದರು. 2021ರಲ್ಲಿ ಹಳೆ ಮೂರೂ ಗೇಮ್‌ಗಳನ್ನು ಸೇರಿಸಿ ಮತ್ತೆ ಬಿಟ್ಟಾಗ ಹೆಣ್ಣು ಶೆಪರ್ಡ್ ಆರಿಸಿದವರು ಶೇ 32. ಅಷ್ಟು ವರ್ಷದಲ್ಲಿ ಬೇರೆಯೂ ಬಹಳಷ್ಟು ಬದಲಾಗಿದೆ, ಪೂರ್ತಿ ಶ್ರೇಯಸ್ಸು ಒಂದು ಟ್ರೇಲರ್‌ಗೆ ಕೊಡೋಕಾಗಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಜನ ಆರಿಸುತ್ತಾರೆ ಅನ್ನೋದಂತೂ ಹೌದು.

ಇಷ್ಟು ಹೊತ್ತು ಹೇಳಿದ್ದು ಮುಚ್ಚಿಡುವ ಕತೆ. ಮುಂದೆ ನಿಲ್ಲಿಸಿದರೂ ತೊಂದರೆ ಮುಗಿಯಲ್ಲ. ಅದಕ್ಕೆ ಟೂಂಬ್ ರೈಡರ್ ಗೇಮಿನ ನಾಯಕಿ ಲಾರಾ ಕ್ರಾಫ್ಟ್ ಸಾಕ್ಷಿ.

ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಸ್ಟುಡಿಯೋದಲ್ಲಿ ಟೋಬಿ ಗಾರ್ಡ್ ಎಂಬ ಕಲಾವಿದ ಲಾರಾಳನ್ನು ರೂಪಿಸಿದರು. ಮೊದಲಿಗೆ ಆ ಪಾತ್ರ ಗಂಡಾಗಿತ್ತು. ಇಂಡಿಯಾನಾ ಜೋನ್ಸ್ ಥರ ಕಾಣುತ್ತೆ, ಕೇಸ್ ಹಾಕಿದರೆ ಕಷ್ಟ ಅನ್ನೋ ಭಯಕ್ಕೆ ಬದಲಾಯಿಸಬೇಕಾಯ್ತು. ಹಾಗೆ ಬಂದವಳು ಬುದ್ಧಿವಂತೆ, ಯಾರ ಹಂಗಿಗೂ ಬೀಳದವಳು, ಒಬ್ಬಳೇ ಗುಹೆ ಗೋಪುರ ಹತ್ತಿ ಇಳಿಯುವವಳು. 1996ರಲ್ಲಿ ಟೂಂಬ್ ರೈಡರ್ ಬಂತು, ಗೆದ್ದಿತು. ಹೆಣ್ಣು ನಾಯಕಿ ಇದ್ದರೆ ಮಾರಾಟ ಆಗಲ್ಲ ಅನ್ನೋ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತ್ತು, ನೋಡಿ.

ಆಮೇಲೆ ಅವಳು ಮಾರ್ಕೆಟಿಂಗ್‌ನವರ ಕೈಗೆ ಸಿಕ್ಕಳು. ಆಟದೊಳಗೆ ಲಾರಾ ಮಾಡುವುದು ಹತ್ತೋದು, ಹಾರೋದು, ಈಜೋದು, ಒಗಟು ಬಿಡಿಸೋದು. ಜಾಹೀರಾತಿನಲ್ಲಿ ಅವಳು ಮಾಡುವುದು ಮೈ ಬಳುಕಿಸಿ ನಿಲ್ಲೋದು. ಪತ್ರಿಕೆ ಮುಖಪುಟಕ್ಕೆ ಬಂದಳು, ಎನರ್ಜಿ ಡ್ರಿಂಕ್ ಜಾಹೀರಾತಿಗೆ ಬಂದಳು. ಅವಳ ಹಾಗೆ ಬಟ್ಟೆ ಹಾಕಿಸಿ ಮಾಡೆಲ್‌ಗಳನ್ನು ಮೇಳಗಳಲ್ಲಿ ಓಡಾಡಿಸಿದರು. ಎರಡನೇ ಗೇಮಿನ ಒಂದು ಜಾಹೀರಾತಿನಲ್ಲಿ ಗಂಡಸರು ಸೇರುವ ಜಾಗಗಳೆಲ್ಲ ಖಾಲಿ ಬಿದ್ದಿರುತ್ತವೆ, ಯಾಕೆ ಅಂದರೆ ಅವರೆಲ್ಲ ಮನೆಯಲ್ಲಿ ಲಾರಾ ಜೊತೆ ಇದ್ದಾರೆ ಅನ್ನೋ ಅರ್ಥ. ಈ ಆಟವನ್ನು ಹೆಣ್ಣುಮಕ್ಕಳೂ ಆಡಬಹುದು ಅಂತ ಆ ಜಾಹೀರಾತು ಮಾಡಿದವರ ತಲೆಗೆ ಬಂದಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ. ಟೋಬಿ ಗಾರ್ಡ್ 1997ರಲ್ಲೇ ಕೆಲಸ ಬಿಟ್ಟರು. ತನ್ನ ಪಾತ್ರ ತನ್ನ ಕೈಲಿ ಉಳಿದಿಲ್ಲ, ಅವಳನ್ನು ತೋರಿಸುವ ರೀತಿ ಇಷ್ಟ ಆಗಲಿಲ್ಲ ಅನ್ನೋದು ಅದಕ್ಕೆ ಒಂದು ಕಾರಣ.

2013ರಲ್ಲಿ ಲಾರಾ ಹೊಸದಾಗಿ ಬಂದಳು. ಈ ಸಲ ಬಟ್ಟೆ ಸರಿಯಾಗಿತ್ತು, ಮೈಕಟ್ಟು ಮನುಷ್ಯರ ಹಾಗಿತ್ತು. ಆದರೆ ಬಿಡುಗಡೆಗೆ ಮುಂಚೆ ತೋರಿಸಿದ ಟ್ರೇಲರ್‌ನಲ್ಲಿ ಅವಳು ಬೀಳುತ್ತಾಳೆ, ಚುಚ್ಚಿಸಿಕೊಳ್ಳುತ್ತಾಳೆ, ನರಳುತ್ತಾಳೆ, ಗಂಡಸೊಬ್ಬ ಮೈಮೇಲೆ ಕೈ ಹಾಕುತ್ತಾನೆ. ಆಡುವವರಿಗೆ ಅವಳನ್ನು ಕಾಪಾಡಬೇಕು ಅನ್ನಿಸುತ್ತದೆ ಅಂತ ನಿರ್ಮಾಪಕರೊಬ್ಬರು 2012ರಲ್ಲಿ ಹೇಳಿ ದೊಡ್ಡ ಗಲಾಟೆ ಆಯ್ತು. ಆ ಮಾತಿನ ಒಳಗೆ ಏನಿದೆ ನೋಡಿ. ಗಂಡು ನಾಯಕನಾಗಿ ಆಡುವಾಗ ನಾವು ಅವನೇ ಆಗಿಬಿಡುತ್ತೇವೆ, ಹೆಣ್ಣು ನಾಯಕಿ ಆದರೆ ನಾವು ಪಕ್ಕದಲ್ಲಿ ನಿಂತು ಕಾಯುವವರು ಅಂತ ಅವರು ಅಂದುಕೊಂಡಿದ್ದರು. ಆಡುವವಳು ಹುಡುಗಿ ಆಗಿದ್ದರೆ ಅವಳು ಎಲ್ಲಿ ನಿಲ್ಲಬೇಕು?

ಮುಚ್ಚಿಡೋದು, ಮೈ ತೋರಿಸೋದು, ನರಳಿಸೋದು. ಸುತ್ತಿ ಬಳಸಿ ಮಾರ್ಕೆಟಿಂಗ್ ಹಿಡಿದ ದಾರಿಗಳು ಹೆಚ್ಚಾಗಿ ಇವು ಮೂರೇ. ಇದರಲ್ಲಿ ಮೂರನೆಯದು ನಮ್ಮ ಕಡೆಯ ಪ್ರತಿ ಮೊಬೈಲಿಗೂ ಬಂದಿದೆ, ಪಿಎಸ್4 ಮುಟ್ಟದವರಿಗೂ ಬಂದಿದೆ.

ಹಾಸನದಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಅಕ್ಕಪಕ್ಕ ನೋಡಿ. ಮಕ್ಕಳನ್ನು ಮಲಗಿಸಿಕೊಂಡು ಅಮ್ಮಂದಿರು, ಕೆಲಸ ಮುಗಿಸಿ ಹೊರಟ ಟೀಚರ್‌ಗಳು, ಬಣ್ಣದ ಕಾಯಿ ಜೋಡಿಸುವ ಆಟ ಆಡುತ್ತಿರುತ್ತಾರೆ. ಮಧ್ಯದಲ್ಲಿ ಜಾಹೀರಾತು ಬರುತ್ತದೆ: ಮುರುಕು ಮನೆ, ಹಿಮ ಬೀಳುತ್ತಿದೆ, ಹರಿದ ಬಟ್ಟೆಯ ಹೆಂಗಸು ಮಗುವನ್ನು ಅಪ್ಪಿಕೊಂಡು ನಡುಗುತ್ತಿದ್ದಾಳೆ, ಕಿಟಕಿ ಮುಚ್ಚಲಾ ಬೆಂಕಿ ಹಚ್ಚಲಾ ಅಂತ ನಮ್ಮನ್ನು ಕೇಳುತ್ತದೆ. ತೋರಿಸುವ ಕೈ ಬೇಕಂತಲೇ ತಪ್ಪು ಒತ್ತುತ್ತದೆ. ಅಯ್ಯೋ ಪಾಪ ಅಂತ ಡೌನ್‌ಲೋಡ್ ಮಾಡಿದರೆ ಒಳಗಿರೋದು ಮತ್ತದೇ ಕಾಯಿ ಜೋಡಿಸುವ ಆಟ. ಜಾಹೀರಾತಿನಲ್ಲಿ ತೋರಿಸಿದ ಆಟವೇ ಒಳಗಿಲ್ಲ ಅನ್ನೋ ಕಾರಣಕ್ಕೆ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2020ರಲ್ಲಿ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಗೇಮ್‌ಗಳ ಜಾಹೀರಾತುಗಳಿಗೆ ತಡೆ ಹಾಕಿತ್ತು. ನನಗೆ ಇಲ್ಲಿ ಬೇಜಾರಾಗೋದು ಮೋಸದ ಬಗ್ಗೆ ಮಾತ್ರ ಅಲ್ಲ. ಇಂಥ ಆಟ ಆಡುವವರಲ್ಲಿ ಹೆಂಗಸರು ಜಾಸ್ತಿ ಇದ್ದಾರೆ ಅಂತ ಕಂಪನಿಗಳಿಗೇ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರ ಮುಂದೆ ಇಡುವ ಹೆಣ್ಣಿನ ಚಿತ್ರ ಇದು: ಗಂಡ ಬಿಟ್ಟವಳು, ಚಳಿಯಲ್ಲಿ ನಡುಗುವವಳು, ಕೈಲಾಗದವಳು.

ಭಾರತದಲ್ಲೂ ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಅನ್ನೋ ಸಂಸ್ಥೆ ಇದೆ. ಹೆಣ್ಣು ಗಂಡನ್ನು ಸವಕಲು ಅಚ್ಚಿನಲ್ಲಿ, ಹಾನಿ ಆಗುವ ಹಾಗೆ ತೋರಿಸಬಾರದು ಅಂತ ಅದು 2022ರಲ್ಲಿ ಮಾರ್ಗಸೂಚಿ ತಂದಿದೆ. ಸಾಮಾನ್ಯ ಜನರೂ ದೂರು ಕೊಡಬಹುದು, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಕೆಲಸ ಸುಲಭ.

ಪರಿಸ್ಥಿತಿ ಸುಧಾರಿಸಿದೆಯಾ? ಸುಧಾರಿಸಿದೆ. ಹೊರೈಜನ್ ಝೀರೋ ಡಾನ್ ಮಾಡುವಾಗ ಹೆಣ್ಣು ನಾಯಕಿ ಬಗ್ಗೆ ಸೋನಿಗೂ ಆತಂಕ ಇತ್ತು, ಮಾರುಕಟ್ಟೆ ಸಮೀಕ್ಷೆ ಮಾಡಿಸಿದ್ದರು. ಆದರೂ ಏಲಾಯ್‌ಳನ್ನು ಬದಲಾಯಿಸಲಿಲ್ಲ. ಡಬ್ಬಿ ಮೇಲೆ ಬಿಲ್ಲು ಹಿಡಿದ ಅವಳು, ಎದುರಿಗೆ ದೈತ್ಯ ಯಂತ್ರ. ಮುಖ್ಯವಾದ ಮಾತು ಅಂದರೆ ದುಡ್ಡು ಪೂರ್ತಿ ಸುರಿದರು. 2017ರಲ್ಲಿ ಬಂದ ಆ ಗೇಮ್ 2019ರ ಆರಂಭಕ್ಕೆ 1 ಕೋಟಿ ಪ್ರತಿ ದಾಟಿತು, ಅದೂ ಒಂದೇ ಕನ್ಸೋಲ್ ಮೇಲೆ. ಗೋಸ್ಟ್ ಆಫ್ ಟ್ಸುಶಿಮಾ ಗಂಡು ನಾಯಕನ ಗೇಮ್, ಅದರ ಮುಂದಿನದು 2025ರಲ್ಲಿ ಆಟ್ಸು ಎಂಬ ನಾಯಕಿಯನ್ನು ಮುಂದಿಟ್ಟುಕೊಂಡು ಬಂತು. ಪ್ರತಿ ಸಲವೂ ಯೂಟ್ಯೂಬ್‌ನಲ್ಲಿ ಕೂಗಾಟ ಇದ್ದೇ ಇರುತ್ತದೆ, ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ನಮ್ಮ ದೇಶದ್ದೇ ಒಂದು ಗೇಮ್ ಇದೆ, ರಾಜಿ. ಪುಣೆಯ ನಾಡಿಂಗ್ ಹೆಡ್ಸ್ ಸ್ಟುಡಿಯೋ ಮಾಡಿದ್ದು. ತಮ್ಮನನ್ನು ಹುಡುಕಿಕೊಂಡು ಹೊರಡುವ ಹುಡುಗಿಯ ಕತೆ, ಪುರಾಣದ ಹಿನ್ನೆಲೆ. 2017ರಲ್ಲಿ ಜನರಿಂದ ದುಡ್ಡು ಎತ್ತಲು ಹೋಗಿ ಆಗಲಿಲ್ಲ. ಬಿಡದೆ ಮಾಡಿದರು, 2020ರಲ್ಲಿ ಹೊರಗೆ ಬಂತು. ಪೋಸ್ಟರ್ ಮೇಲೆ ಇರೋದು ರಾಜಿ, ಕೈಲಿ ತ್ರಿಶೂಲ. ಅವಳ ಪಕ್ಕ ಇನ್ನೊಬ್ಬ ಗಂಡು ನಾಯಕ ಬೇಕು ಅಂತ ಆಡಿದ ಯಾರಿಗೂ ಅನ್ನಿಸಿರಲಾರದು.

ಇದನ್ನೆಲ್ಲ ಆ ಹುಡುಗಿಗೆ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಓದಿದ ಮಕ್ಕಳು ಬೆಂಗಳೂರಿಗೆ ಹೋಗಿ ಇದೇ ಗೇಮ್ ಉದ್ಯಮಕ್ಕೆ ಸೇರುತ್ತಿದ್ದಾರೆ. ಅನಿಮೇಷನ್ ಮಾಡೋದು, ಟ್ರೇಲರ್ ಕತ್ತರಿಸೋದು, ಸ್ಟೋರ್ ಪುಟದ ಚಿತ್ರ ಜೋಡಿಸೋದು, ಇಂಥ ಕೆಲಸ ಅವರ ಕೈಗೂ ಬರುತ್ತದೆ. ಹಾಗೆ ಕೂತಾಗ ಗಮನಿಸಬೇಕಾದ ವಿಷಯಗಳು ಸಣ್ಣವು. ಮೊದಲ ಹತ್ತು ಸೆಕೆಂಡಿನಲ್ಲಿ ಕಾಣೋದು ಅವಳ ಮುಖವೋ ಬೆನ್ನೋ? ಟ್ರೇಲರ್‌ನಲ್ಲಿ ಅವಳು ಏನಾದರೂ ಮಾಡುತ್ತಾಳೋ, ಅವಳಿಗೆ ಬರೀ ಏನಾದರೂ ಆಗುತ್ತಿರುತ್ತದೋ? ಅವಳ ಹೆಸರು ಒಮ್ಮೆಯಾದರೂ ಕೇಳುತ್ತದೋ? ಮೀಟಿಂಗಿನಲ್ಲಿ ಯಾರಾದರೂ ಹೆಣ್ಣಿದ್ದರೆ ಓಡಲ್ಲ ಅಂದರೆ, ಅವಳ ಗೇಮಿಗೆ ಜಾಹೀರಾತಿಗೆ ಎಷ್ಟು ಇಟ್ಟಿದ್ದೀರಿ ಅಂತ ಮೊದಲು ಕೇಳಬೇಕು.

ಸದ್ಯಕ್ಕೆ ನಾನು ಕಾಯುತ್ತಿರುವುದು ದಿ ವಿಚರ್ 4ಗೆ. ಹಿಂದಿನ ಮೂರರಲ್ಲೂ ನಾಯಕ ಗೆರಾಲ್ಟ್, ಮೂರನೆಯದು ಒಂದೇ 5 ಕೋಟಿ ಪ್ರತಿ ದಾಟಿದೆ. 2024ರ ಡಿಸೆಂಬರ್‌ನಲ್ಲಿ ನಾಲ್ಕನೆಯದರ ಮೊದಲ ಟ್ರೇಲರ್ ಬಂತು. ಊರಿನವರು ಒಬ್ಬ ಹುಡುಗಿಯನ್ನು ರಾಕ್ಷಸನಿಗೆ ಬಲಿ ಕೊಡಲು ಹೊರಟಿರುತ್ತಾರೆ, ಅದನ್ನು ತಡೆಯಲು ಬರುವವಳು ಸಿರಿ. ಅವಳೇ ಹೊಡೆದಾಡುತ್ತಾಳೆ, ಅವಳೇ ತಪ್ಪುತ್ತಾಳೆ, ಅವಳೇ ಸಿಟ್ಟಾಗುತ್ತಾಳೆ. ಅಷ್ಟು ದೊಡ್ಡ ಸರಣಿಯ ಪೂರ್ತಿ ಭಾರ ಅವಳ ಹೆಗಲ ಮೇಲೆ ಇಟ್ಟಿದ್ದಾರೆ. ಡಬ್ಬಿ ಹೊರಗೆ ಬಂದಾಗ ಅದರ ಮೇಲೆ ಅವಳು ಎಲ್ಲಿ ನಿಂತಿರುತ್ತಾಳೆ ಅಂತ ನಾನಂತೂ ನೋಡುತ್ತೇನೆ.